ಮನೆಯಲ್ಲೇ ಇದೆಯಲ್ಲ ಕನ್ನಡ

ದೋಹಾದ ನಮ್ಮ ಭಾರತೀಯ ಶಾಲೆಯ ಪ್ರೈಮರಿಯಲ್ಲಿ ಕನ್ನಡಕ್ಕೆ ಇಬ್ಬರು ಟೀಚರುಗಳಿದ್ದೆವು. ನಾನು ಹುಬ್ಬಳ್ಳಿಯವಳು, ಬಾಯಿ ಜೋರು. ಇನ್ನೊಬ್ಬಳು ಉಡುಪಿ ಕಡೆಯವಳು, ನನಗಿಂತ ಚಿಕ್ಕವಳು, ಮನೆಯಲ್ಲಿ ತುಳು. ಸಿಟ್ಟು ಮಾಡುವ ಕೆಲಸವನ್ನು ಅವಳು ಪೂರ್ತಿ ನನಗೇ ಬಿಟ್ಟುಕೊಟ್ಟಿದ್ದಳು.

ನಮ್ಮಲ್ಲಿ ಮಕ್ಕಳು ಹಿಂದಿ, ಮಲಯಾಳಂ, ಕನ್ನಡ, ಫ್ರೆಂಚ್ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕನ್ನಡದ ಬೆಂಚುಗಳು ವರ್ಷವರ್ಷವೂ ಖಾಲಿಯಾಗುತ್ತಿದ್ದವು. ಕಳೆದ ವರ್ಷ ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆದು, ಈ ಸಲ ಮಕ್ಕಳು ಹೆಚ್ಚದಿದ್ದರೆ ಒಬ್ಬರೇ ಸಾಕು, ಕೊನೆಗೆ ಸೇರಿದವರು ಹೋಗಬೇಕಾಗುತ್ತದೆ ಎಂದರು. ಕೊನೆಗೆ ಸೇರಿದವಳು ಅವಳೇ. ಸ್ಟಾಫ್ ರೂಮಿಗೆ ಬಂದು ಕರಕ್ ಚಹಾದ ಕಪ್ ಹಿಡಿದುಕೊಂಡು ಕೂತಳು, ಕುಡಿಯಲಿಲ್ಲ.

"ನಂದು ಖಲಾಸ್ ಅಕ್ಕ" ಎಂದಳು.

"ಸುಮ್ನ ಕೂಡ್ರವಾ. ನಾ ಅದೀನಲ್ಲ, ಮಂದೀನ್ನ ಹಿಡಕೊಂಡ್ ಬರ್ತೀನಿ."

ಹೇಳಿದಂತೆ ಹಿಡಿಯಲು ಹೋದೆ. ಮದೀನತ್ ಖಲೀಫಾ, ಅಲ್ ಗರಾಫಾ ಎಂದು ಕನ್ನಡದವರ ಮನೆಗಳನ್ನೆಲ್ಲ ಸುತ್ತಿದೆ. ಉಪ್ಪಿಟ್ಟು ಕೊಟ್ಟರು, ಕೇಸರಿಬಾತ್ ಕೊಟ್ಟರು, ಮಕ್ಕಳನ್ನು ಮಾತ್ರ ಕೊಡಲಿಲ್ಲ. ಬೆಂಗಳೂರಿನವರೊಬ್ಬರು ಬಹಳ ಪ್ರೀತಿಯಿಂದಲೇ ಹೇಳಿದರು: "ಮನೇಲೇ ಇದ್ಯಲ್ಲ ಮೇಡಂ ಕನ್ನಡ! ಅದನ್ನ ಸ್ಕೂಲಲ್ಲಿ ಬೇರೆ ಯಾಕೆ ಕಲೀಬೇಕು? ಫ್ರೆಂಚ್ ತಗೊಳ್ಲಿ ಬಿಡಿ." ಅಷ್ಟರಲ್ಲಿ ಅವರ ಮಗಳು ಒಳಗಿಂದ ಬಂದು, "ಪಪ್ಪಾ, ಹೂ ಈಸ್ ದಿಸ್ ಆಂಟಿ?" ಎಂದಳು. ನನಗೆ ಮೈಯೆಲ್ಲ ಉರಿಯಿತು. ಅವರಿಗೆ ಏನೂ ಅನ್ನಿಸಲಿಲ್ಲ, ನನ್ನ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದರು.

ಮರುದಿನ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಅವಳು ನಕ್ಕುಬಿಟ್ಟಳು. "ನಮ್ಮ ಮನೆಯಲ್ಲಿ ಕನ್ನಡ ಇಲ್ಲ ಅಲ್ವಾ ಅಕ್ಕ, ಅದಕ್ಕೇ ಮಕ್ಕಳನ್ನು ಕನ್ನಡಕ್ಕೆ ಹಾಕಿದ್ದು. ಶಾಲೆಯಲ್ಲಿ ಕಲಿಯದಿದ್ರೆ ಅವಕ್ಕೆ ಮತ್ತೆ ಎಲ್ಲಿ ಸಿಗುವುದು?"

ಅವಳ ಮಗ, ಮಗಳು ಇಬ್ಬರೂ ನನ್ನ ತರಗತಿಯಲ್ಲೇ ಇದ್ದರು. ಅಲ್ ಥುಮಾಮಾದಿಂದ ಅಮ್ಮನ ಜೊತೆ ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ತಪ್ಪಿಲ್ಲದೆ ಉಕ್ತಲೇಖನ ಬರೆಯುತ್ತಿದ್ದವರು ಅವರೇ. ಕನ್ನಡ ಮನೆಮಾತಾಗಿದ್ದ ಮಕ್ಕಳು 'ಓದೋಕೆ ಬರಲ್ಲ ಮಿಸ್' ಎಂದು ಅವರ ಪುಸ್ತಕದೊಳಗೆ ಇಣುಕುತ್ತಿದ್ದರು. ಇದನ್ನು ಯಾರ ಮುಂದೆ ಹೇಳಿ ಅಳಲಿ?

ಮಕ್ಕಳು ಹೆಚ್ಚಲಿಲ್ಲ. ಮಾರ್ಚಿನಲ್ಲಿ ಅವಳು ಹೋದಳು. ಕಪಾಟಿನ ಬೀಗದ ಕೈ ನನ್ನ ಕೈಗಿಟ್ಟು, ಹೊರಡುವಾಗ ಇಲ್ಲಿನ ಅರಬರು ಅನ್ನುವಂತೆ, "ಯಲ್ಲಾ ಅಕ್ಕ, ಬರ್ತೇನೆ" ಎಂದಳು. ಗೇಟಿನವರೆಗೂ ಅವಳ ಜೊತೆ ನಡೆದೆ.

ಏಪ್ರಿಲ್‌ನಲ್ಲಿ ಶಾಲೆಯ ಹೊಸ ವರ್ಷ ಶುರುವಾಯಿತು. ಮುಂದಿನ ಬೆಂಚು ಖಾಲಿ. ತಾಯಿ ಇಲ್ಲಿ ಟೀಚರ್ ಆಗಿದ್ದುದರಿಂದಲೇ ಆ ಮಕ್ಕಳಿಗೆ ನಮ್ಮ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಅವಳು ಹೋದರೆ ಅವರೂ ಹೋಗುತ್ತಾರೆ ಎಂಬುದು ನನಗೂ ಹೊಳೆದಿರಲಿಲ್ಲ, ಪ್ರಿನ್ಸಿಪಾಲರಿಗೂ ಹೊಳೆದಿರಲಿಲ್ಲ. ಸಂಜೆ ಫೋನ್ ಮಾಡಿದೆ. ಮನೆ ಹತ್ತಿರದ ಶಾಲೆಗೆ ಸೇರಿಸಿದ್ದೇನೆ ಎಂದಳು.

"ಕನ್ನಡ?"

"ಅಲ್ಲಿ ಕನ್ನಡ ಇಲ್ಲ ಅಕ್ಕ. ಫ್ರೆಂಚ್ ತಗೊಂಡ್ರು."

ಆ ವಾರವೇ ಪ್ರಿನ್ಸಿಪಾಲರು ನನ್ನ ತರಗತಿಯ ಬಾಗಿಲಲ್ಲಿ ನಿಂತು ಬೆಂಚುಗಳ ಮೇಲೆ ಕಣ್ಣಾಡಿಸಿದರು. "ಏನು ಮೇಡಂ, ಕನ್ನಡದ ಮಕ್ಕಳು ಇನ್ನೂ ಕಡಿಮೆಯಾದರಲ್ಲ?" ಎಂದರು.

"ಹೌದು ಸರ್, ಅವರ ಅಮ್ಮನ್ನ ನೀವೇ ಕಳಿಸಿದ್ರಿ" ಎಂದೆ.