ಹೊನ್ನಿಗೊಂದು ಬಾಣಂತಿ ಪಥ್ಯ

ಸೋಲಾಪುರದ ಹತ್ತಿರದ ಬೋರಾಮಣಿಯ ಹುಲ್ಲುಗಾವಲಿನ ಮೇಲಿನ ಮಂಜು ಇನ್ನೂ ಕರಗಿಲ್ಲ. ಗುರುಬಾಯಿಯವರ ಹಿತ್ತಲ ಒಲೆಯಲ್ಲಿ ಆಗಲೇ ಜೋಳದ ನುಚ್ಚು ಕುದಿಯುತ್ತಿದೆ. ಇಂದು ಚಂಪಾಷಷ್ಠಿ. ಮೈಲಾರನ ಒಕ್ಕಲಿನ ಮನೆಗಳಲ್ಲಿ ಇವತ್ತು ಮೊದಲು ಒಲೆ ಏರುವುದು ದೇವರ ಅಡುಗೆ. ಈ ಮನೆಯಲ್ಲಿ ಮಾತ್ರ ಮೊದಲ ಪಾತ್ರೆ ಹೊನ್ನಿಯದು.

ಹೊನ್ನಿ ಎಂದರೆ ಕುರಿ ಕಾಯುವ ನಾಯಿ. ಕುರಿಹಟ್ಟಿಯ ಮೂಲೆಯಲ್ಲಿ, ಹಳೆಯ ಕಂಬಳಿಯ ಮೇಲೆ, ಇನ್ನೂ ಕಣ್ಣು ಬಿಡದ ಏಳು ಮರಿಗಳನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದಾಳೆ. ಗುರುಬಾಯಿ ನುಚ್ಚನ್ನು ಅಗಲ ಪರಾತಕ್ಕೆ ಸುರಿದು, ಆರಲು ಬಿಟ್ಟು, ಬೇಯಿಸಿದ ಮೊಟ್ಟೆಯನ್ನು ಕೈಯಲ್ಲೇ ಕಿವುಚಿ ಹಾಕುತ್ತಾರೆ. ಮೇಲೆ ಒಂದಿಷ್ಟು ಮಜ್ಜಿಗೆ. ಉಪ್ಪಿಲ್ಲ, ಖಾರವಿಲ್ಲ. ಕೊನೆಗೆ ಮೊಣಕೈಯನ್ನು ನುಚ್ಚಿಗೆ ತಾಗಿಸಿ ಬಿಸಿ ನೋಡುತ್ತಾರೆ.

“ಕೂಸಿಗಿ ನೀರ ಹಾಕೂಮುಂದ ಮಣಕೈ ಹಚ್ಚಿ ನೋಡತೀವಿಲ್ರಿ, ಹಂಗ,” ಎನ್ನುತ್ತಾರೆ. “ನಮ್ಮ ನಾಲಿಗಿ ರುಚಿ ಅಕೀಗೆ ಯಾಕ್ರಿ? ಅಕಿ ಹೊಟ್ಟಿ ಏನ ಕೇಳತೈತಿ ಅದನ್ನ ಕೊಡಬೇಕು.”

ಹೊನ್ನಿ ಮರಿಗಳ ನಡುವಿನಿಂದ ಮೆಲ್ಲಗೆ ಎದ್ದು ಬಂದು ಉಣ್ಣುತ್ತಾಳೆ. ಗುರುಬಾಯಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಾರೆ. ಕಣ್ಣು ಮಾತ್ರ ಹಟ್ಟಿಯ ಬಾಗಿಲ ಕಡೆಗಿದೆ. ಎಂದೂ ಕಟ್ಟದ ಆ ಬಾಗಿಲನ್ನು ಇಂದು ತಂತಿ ಸುತ್ತಿ ಬಿಗಿದಿದ್ದಾರೆ. ಅವರಿಗೆ ಭಯವಿರುವುದು ತೋಳದ್ದಲ್ಲ. ಇನ್ನು ಸ್ವಲ್ಪ ಹೊತ್ತಿಗೆ ತಾಟು ಹಿಡಿದು ಬರುವ ವಾಡಿಯ ಹೆಣ್ಣುಮಕ್ಕಳದು.

ಚಾತುರ್ಮಾಸವಿಡೀ ಈ ಕಡೆಯ ಮನೆಗಳಲ್ಲಿ ಈರುಳ್ಳಿ, ಬದನೆಕಾಯಿ ಮುಟ್ಟುವುದಿಲ್ಲ. ಷಷ್ಠಿಯ ದಿನ ಆ ಕಟ್ಟು ಬಿಡುತ್ತದೆ. ಬದನೆಕಾಯಿ ಸುಟ್ಟು, ಹಸಿ ಈರುಳ್ಳಿ ಧಾರಾಳವಾಗಿ ಬೆರೆಸಿ ಭರಿತ ಮಾಡುತ್ತಾರೆ. ಜತೆಗೆ ಸಜ್ಜೆ ಹಿಟ್ಟಿನ ದಪ್ಪ ಉಂಡೆ, ರೋಡಗ. ಮೊದಲ ಎಡೆ ಮೈಲಾರನಿಗೆ, ಎರಡನೆಯದು ನಾಯಿಗೆ. ಮೈಲಾರ ಎಲ್ಲಿದ್ದರೂ ಅವನ ಜತೆ ನಾಯಿ ಇದ್ದೇ ಇರುತ್ತದಲ್ಲ! ನಾಯಿ ಬಾಯಿ ಹಾಕುವ ತನಕ ಮನೆಯಲ್ಲಿ ಯಾರೂ ತುತ್ತು ಎತ್ತುವಂತಿಲ್ಲ. ಹಿರಿಯರಿಂದ ಬಂದ ಪ್ರೀತಿಯ ಪದ್ಧತಿ ಅದು. ಮೂರು ವರ್ಷದ ಹಿಂದೆ ಹೊನ್ನಿಯ ತಾಯಿ ಕಾಶಿಯನ್ನು ತೆಗೆದುಕೊಂಡು ಹೋದದ್ದೂ ಅದೇ.

ಕಾಶಿ ವಾಡಿಗೆಲ್ಲ ಹೆಸರಾದ ನಾಯಿ. ಕುರಿಗಳಿಗೆ ಅಡ್ಡ ನಿಂತು ತೋಳವನ್ನು ಹಿಮ್ಮೆಟ್ಟಿಸುವಾಗ ಅವಳ ಒಂದು ಕಿವಿ ಹರಿದಿತ್ತು. ಅಂದಿನಿಂದ ಷಷ್ಠಿಯ ಎಡೆಗೆ ಎಲ್ಲರಿಗೂ ಅವಳೇ ಬೇಕು. ಆ ವರ್ಷ ಅವಳು ಮರಿ ಹಾಕಿದ್ದಳು, ಹಸಿವೂ ಜೋರಿತ್ತು. ಒಂದು ಮನೆಯವರು ಕೊಟ್ಟರೆ ಒಂದು ತುತ್ತು. ಇಡೀ ವಾಡಿ ಕೊಟ್ಟಿತು, ಉಳಿದ ಭರಿತವನ್ನು ಮರುದಿನವೂ ಕೊಟ್ಟಿತು. ಕೆಲವೇ ದಿನಗಳಲ್ಲಿ ಕಾಶಿಯ ಒಸಡು ಸುಣ್ಣದಂತೆ ಬೆಳ್ಳಗಾಯಿತು. ಮೂತ್ರ ಕೆಂಪಾಯಿತು. ಏಳಲಾರದೆ ಮಲಗಿಬಿಟ್ಟಳು.

ತಾಲೂಕಿನ ಪಶುವೈದ್ಯೆ ಶುಭಾಂಗಿ ಬಂದು ಏನು ತಿಂದಿದೆ ಎಂದು ಕೇಳಿದಾಗ ತಾವು ಕೊಟ್ಟ ಉತ್ತರ ಗುರುಬಾಯಿಗೆ ಇಂದಿಗೂ ಬಾಯಿಪಾಠ.

“ಕೆಟ್ಟದ್ದೇನೂ ತಿಂದಿಲ್ರಿ ಬಾಯಿ, ದೇವರ ಎಡಿ ಅಷ್ಟ ತಿಂದೈತಿ ಅಂದೆ. ಡಾಕ್ಟರಬಾಯಿ, ಎಡಿಯೊಳಗ ಕಾಂದಾ ಇತ್ತೇನು ಅಂದ್ರು. ಉಳ್ಳಾಗಡ್ಡಿ ಇಲ್ಲದ ಭರಿತ ಎಲ್ಲಿರತೈತ್ರಿ? ಆಗ ಹೇಳಿದ್ರು, ನಾಯಿ ಮೈಯಾಗಿನ ರಕ್ತಾ ಒಡದ ಹೋಗತೈತಿ ಅದರಿಂದ ಅಂತ.”

ಅಷ್ಟು ಹೊತ್ತಿಗೆ ಔಷಧದ ಸಮಯ ಮೀರಿತ್ತು. ಕಾಶಿ ಹೋದಳು. ಹಾಲಿಲ್ಲದೆ ಮರಿಗಳೂ ಒಂದೊಂದಾಗಿ ಹೋದವು. ಒಂದನ್ನು ಮಾತ್ರ ಗುರುಬಾಯಿ ಮಡಿಲಿನಿಂದ ಇಳಿಸಲಿಲ್ಲ. ಮೇಕೆಯ ಹಾಲನ್ನು ಹತ್ತಿಯ ಬತ್ತಿಯಲ್ಲಿ ಅದ್ದಿ ಅದ್ದಿ ಕುಡಿಸಿದರು. ಆ ಮರಿಯೇ ಹೊನ್ನಿ.

ಕೆಲವು ಎಕರೆ ಜೋಳ, ತೊಗರಿ, ಒಂದು ಕುರಿಹಟ್ಟಿ. ಇಷ್ಟೇ ಗುರುಬಾಯಿ ಮತ್ತು ಅವರ ಗಂಡ ಬೀರಣ್ಣನವರ ಬದುಕು. ಹೊಲದ ಒಂದು ಪಟ್ಟಿಯ ಜೋಳ ನಾಯಿಗಳಿಗೇ ಮೀಸಲು. ಹುಲ್ಲುಗಾವಲಿನಲ್ಲಿ ತೋಳಗಳಿವೆ. ಅವನ್ನು ಕೊಲ್ಲುವ ಮಾತು ಬಂದರೆ ಗುರುಬಾಯಿಗೆ ಸಿಟ್ಟು. “ತ್ವಾಳಗೂ ಹೊಟ್ಟಿ ಐತ್ರಿ. ನಾಯಿ ಚಲೋ ಇದ್ರ ಅದು ದೂರಿಂದ ನೋಡಿ ಹೋಗತೈತಿ. ಇಬ್ಬರೂ ಬದುಕತಾರ.” ಅದಕ್ಕೇ ಸುತ್ತಲಿನ ಕುರಿಗಾರರು ಒಳ್ಳೆಯ ಮರಿ ಬೇಕೆಂದರೆ ಇವರ ಹಟ್ಟಿ ಹುಡುಕಿಕೊಂಡು ಬರುತ್ತಾರೆ.

ಬಂದವರಿಗೆಲ್ಲ ಮರಿ ಸಿಗುವುದಿಲ್ಲ. ಹೊನ್ನಿ ಮೊದಲ ಸಲ ಬೆದೆಗೆ ಬಂದಾಗ ಗುರುಬಾಯಿ ಅವಳನ್ನು ಗಂಡಿನ ಹತ್ತಿರ ಬಿಡಲಿಲ್ಲ. ಎರಡನೇ ಸಲವೂ ಇಲ್ಲ. ಮೈ ತುಂಬಿ, ಎಲುಬು ಗಟ್ಟಿಯಾಗಲಿ ಎಂದು ಕಾದರು. ಹತ್ತಿರದ ಗಂಡು ನಾಯಿಗಳೆಲ್ಲ ಕಾಶಿಯ ಬಳಗವೇ ಆದ್ದರಿಂದ ಹೋಟಗಿ ಕಡೆಯ ಹಟ್ಟಿಯೊಂದರಲ್ಲಿ ಬೇರೆ ರಕ್ತದ ಗಂಡು ಹುಡುಕಿ, ಟೆಂಪೋದಲ್ಲಿ ಕರೆದುಕೊಂಡು ಹೋದರು. ಗಂಡಿಗೆ ರೇಬಿಸ್ ಸೂಜಿ ಆಗಿದೆಯೇ, ಕಣ್ಣು ಹಲ್ಲು ಹೇಗಿವೆ, ಕುರಿಮರಿಯನ್ನು ಕಂಡರೆ ಹೇಗೆ ನಡೆದುಕೊಳ್ಳುತ್ತದೆ ಎಂದೆಲ್ಲ ವಿಚಾರಿಸಿದ ಮೇಲೆಯೇ ಒಪ್ಪಿಗೆ.

“ಮಗಳ ಲಗ್ನಕ್ಕೂ ಇಷ್ಟು ಸೋಯರಿಕಿ ನೋಡಿಲ್ರಿ ಈಕಿ,” ಎಂದು ಬೀರಣ್ಣ ನಗುತ್ತಾರೆ.

“ಮಗಳಿಗಿ ಬಾಯಿ ಐತಿ, ಬ್ಯಾಡ ಅಂತಿದ್ಲು,” ಎಂದು ಗುರುಬಾಯಿ ತಿರುಗಿ ನೋಡದೆ ಹೇಳುತ್ತಾರೆ. ಈ ಸಲ ಮರಿ ಹಾಕಿದ ಹೊನ್ನಿಗೆ ಮುಂದಿನ ವರ್ಷವಿಡೀ ವಿಶ್ರಾಂತಿ. ಕೇಳುವವರು ಎಷ್ಟೇ ಇದ್ದರೂ ಈ ಮಾತು ಬದಲಾಗುವುದಿಲ್ಲ.

ಮರಿ ಬೇಕಾದವರು ಮೊದಲು ತಮ್ಮ ಹಟ್ಟಿಯ ಹಳೆಯ ಕಂಬಳಿಯ ತುಂಡೊಂದನ್ನು ತಂದು ಕೊಡಬೇಕು. ಗುರುಬಾಯಿ ಅದನ್ನು ಮರಿಗಳ ಕೆಳಗೆ ಹಾಸುತ್ತಾರೆ. ಮುಂದೆ ತಾನು ಕಾಯಬೇಕಾದ ಕುರಿಗಳ ವಾಸನೆಯಲ್ಲೇ ಮರಿ ಬೆಳೆಯಬೇಕು. ತಾಯಿಯಿಂದ ಗದರಿಸಿಕೊಂಡು, ಒಡಹುಟ್ಟಿದವರ ಜತೆ ಕಚ್ಚಾಡಿ, ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂದು ಕಲಿತ ಮೇಲೆಯೇ ಹಟ್ಟಿ ಬಿಡುವುದು.

ಸೋಲಾಪುರದ ಬಟ್ಟೆ ವ್ಯಾಪಾರಿ ಯೋಗಿರಾಜ ಬಂಗಲೆ ಕಾಯಲು ಒಂದು ಮರಿ ಬೇಕೆಂದು ಕಾರಿನಲ್ಲಿ ಬಂದಿದ್ದರು. ಕಂಬಳಿಯ ಬದಲು ಪೇಢೆಯ ಡಬ್ಬಿ ತಂದಿದ್ದರು.

“ಸಾವಕಾರ್ರ, ಬಂಗ್ಲಾದಾಗ ಕುರಿ ಅದಾವೇನ್ರಿ?” ಎಂದು ಗುರುಬಾಯಿ ಕೇಳಿದರು.

“ಕುರಿ ಇಲ್ಲ ಬಾಯಿ. ಎರಡು ಮಕ್ಕಳದಾವ, ಕುರಿಗಿಂತ ಏನೂ ಕಡಿಮಿ ಇಲ್ಲ.”

“ಅವನ್ನ ಕಾಯಾಕ ನೀವ ಅದೀರಲ್ರಿ. ಇದು ಬಯಲಾಗ ಓಡೂ ಜೀವ. ಸರಪಳಿ ಹಾಕಿದ್ರ ನಿಮಗೂ ತ್ರಾಸು, ಅದಕೂ ತ್ರಾಸು.”

ಯೋಗಿರಾಜ ನಗುತ್ತಲೇ ವಾಪಸಾದರು. ಪೇಢೆಯ ಡಬ್ಬಿಯನ್ನು ಬೀರಣ್ಣನಿಗೆ ಕೊಟ್ಟು ಹೋದರು.

ಇಷ್ಟೆಲ್ಲ ಗಟ್ಟಿಗಿತ್ತಿಯಾದ ಗುರುಬಾಯಿ ಷಷ್ಠಿಯ ಮುಂದೆ ಮಾತ್ರ ಸೋತಿದ್ದರು. ಕಾಶಿ ಹೋದ ಮೇಲಿನ ಎರಡು ವರ್ಷ, ಹಬ್ಬದ ಬೆಳಗಿಗೆ ಮುಂಚೆಯೇ ಹೊನ್ನಿಯನ್ನು ಕರೆದುಕೊಂಡು ಕುರನೂರ ಕಡೆಯ ನೆಂಟರ ಹಟ್ಟಿಗೆ ಹೋಗಿಬಿಡುತ್ತಿದ್ದರು. ಕಾಶಿಯ ಮಗಳಿಗೇ ಎಡೆ ಇಡಬೇಕೆಂದು ತಾಟು ಹಿಡಿದು ಬಂದವರು ಖಾಲಿ ಹಟ್ಟಿ ನೋಡಿ ಮರಳುತ್ತಿದ್ದರು. “ಏನ್ ಗುರುಬಾಯಿ, ದೇವರ ನಾಯೀನೂ ಬಚ್ಚಿಟ್ಟಿ, ನಮ್ಮನ್ನೂ ಉಪಾಸ ಕೆಡವಿದಿ,” ಎಂದು ಪಕ್ಕದ ಮನೆಯ ಇಂದುಬಾಯಿ ನೀರಿನ ನಳದ ಹತ್ತಿರ ಎಲ್ಲರೆದುರು ಆಡಿದ್ದರು. ಈ ವರ್ಷ ಓಡಿಹೋಗುವ ದಾರಿಯೂ ಇಲ್ಲ. ಹಸಿ ಬಾಣಂತಿಯನ್ನು, ಕಣ್ಣು ಬಿಡದ ಮರಿಗಳನ್ನು ಈ ಚಳಿಯಲ್ಲಿ ಎಲ್ಲಿಗೆ ಒಯ್ಯುವುದು?

ಎಲ್ಲಕ್ಕಿಂತ ದೊಡ್ಡ ತಡೆಯೆಂದರೆ ಮನೆಯೊಳಗೇ ಇದ್ದ ಅತ್ತೆ ಹಣಮವ್ವ. ವಾಡಿಯಲ್ಲಿ ಅವರ ಮಾತಿಗೆ ಎದುರಿಲ್ಲ. “ದೇವರ ಮುಂದ ಇಟ್ಟ ಎಡಿ ವಿಷಾ ಆಗತೈತೇನ? ಕಾಶೀದು ಆಯುಷ್ಯ ಮುಗದಿತ್ತು, ಹೋತು. ಮೈಲಾರಗ ಕಣ್ಣ ತೋರಸಬ್ಯಾಡ,” ಎಂದುಬಿಟ್ಟಿದ್ದರು. ಶುಭಾಂಗಿ ಡಾಕ್ಟರು ಮನೆಗೇ ಬಂದು ತಿಳಿಹೇಳಿದಾಗ ಚಹಾ ಕೊಟ್ಟು, ತಲೆಯಾಡಿಸಿ, ಅವರು ಹೋದ ಮೇಲೆ ಮತ್ತೆ ಅದನ್ನೇ ಹೇಳಿದ್ದರು.

ಆದರೆ ಈ ವಾಡಿಯಲ್ಲಿ ಯಾವ ಬಾಣಂತಿ ಏನು ಉಣ್ಣಬೇಕು, ಏನು ಉಣ್ಣಬಾರದು ಎಂದು ಹೇಳುವವರೂ ಹಣಮವ್ವನೇ. ಷಷ್ಠಿಗೆ ನಾಲ್ಕೈದು ದಿನ ಇರುವಾಗ, ಹೆರಿಗೆಗೆಂದು ತವರಿಗೆ ಬಂದು ಹಡೆದಿದ್ದ ಇಂದುಬಾಯಿಯ ಮಗಳು ಸಪ್ನಾಳನ್ನು ನೋಡಲು ಹೋಗಿ, ಅವಳ ತಾಟಿನಲ್ಲಿದ್ದ ಕುಂಬಳಕಾಯಿ ಪಲ್ಯವನ್ನು ಎತ್ತಿ ಹೊರಗೆ ಹಾಕಿ ಬಂದಿದ್ದರು. “ಹಸಿ ಮೈಗೆ ನಂಜು ಉಣಸ್ತಾರ, ಶಾಣ್ಯಾರು,” ಎಂದು ಬೈದುಕೊಳ್ಳುತ್ತ ಮನೆಗೆ ಬಂದರೆ ಗುರುಬಾಯಿ ಹೊನ್ನಿಯ ಕಂಬಳಿ ಕೊಡವುತ್ತಿದ್ದರು.

“ಅತ್ತಿ, ಸಪ್ನಾನ ತಾಟಿನ್ಯಾಗಿನ ಕುಂಬಳಕಾಯಿ ತಗದ್ರಿ. ಅದು ಕೆಟ್ಟ ಕುಂಬಳಕಾಯಿ ಆಗಿತ್ತೇನ್ರಿ?”

“ಕುಂಬಳಕಾಯಿ ಚಲೋನ ಇತ್ತು. ಬಾಣಂತಿಗಿ ಆಗೂದಿಲ್ಲ.”

“ಹಂಗ ಎಡಿನೂ ಚಲೋನ ಐತ್ರಿ. ಅಲ್ಲಿ ಒಬ್ಬಾಕಿ ಬಾಣಂತಿ, ಇಲ್ಲಿ ಒಬ್ಬಾಕಿ. ಅಕಿ ಪಥ್ಯೆ ನೀವು ನೋಡೀರಿ. ಈಕಿ ಪಥ್ಯೆ ಯಾರು ನೋಡಬೇಕ್ರಿ?”

ಹಣಮವ್ವ ಹೊನ್ನಿಯ ಹಾಲು ತುಂಬಿದ ಹೊಟ್ಟೆಯನ್ನು ನೋಡಿ, ಬಡಿಗೆ ಊರಿಕೊಂಡು ಒಳಗೆ ಹೋದರು. ಅಂದಿನಿಂದ ಸೊಸೆಯ ಜತೆ ಮಾತಿಲ್ಲ. ಇಂದು ಬೆಳಗ್ಗೆ ಗುರುಬಾಯಿ ಏಳುವಷ್ಟರಲ್ಲಿ ಅತ್ತೆಯ ಹಾಸಿಗೆ ಖಾಲಿ. ಬಡಿಗೆಯೂ ಮೂಲೆಯಲ್ಲಿಲ್ಲ.

“ದೇವರ ಕಟ್ಟಿಗಿ ಹೋಗಿ ನನ್ನ ಮ್ಯಾಗ ದೂರ ಹೇಳಾಕತ್ತಿರಬೇಕು,” ಎಂದು ಗುರುಬಾಯಿ ನಗಲು ನೋಡುತ್ತಾರೆ. ನಗು ಬರುವುದಿಲ್ಲ. ತಂತಿಯನ್ನು ಇನ್ನೊಂದು ಸುತ್ತು ಬಿಗಿಯುತ್ತಾರೆ.

ಬಿಸಿಲು ಹಟ್ಟಿಯ ಮುಳ್ಳುಬೇಲಿ ದಾಟುವ ಹೊತ್ತಿಗೆ ‘ಯಳಕೋಟ, ಯಳಕೋಟ’ ಎಂಬ ಮೈಲಾರನ ಜಯಕಾರದ ಕೂಗು ಕೇಳುತ್ತದೆ. ಹಣೆ ತುಂಬ ಅರಿಶಿನದ ಭಂಡಾರ ಬಳಿದುಕೊಂಡ ಹೆಣ್ಣುಮಕ್ಕಳು ತಾಟು ಹಿಡಿದು ಬರುತ್ತಿದ್ದಾರೆ. ಎಲ್ಲರಿಗಿಂತ ಮುಂದೆ ಇಂದುಬಾಯಿ. ಗುರುಬಾಯಿ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ.

“ಸರಿ ಅತ್ತಾಗ, ನಿಂತಾಳ ಪೋಲೀಸನಂಗ,” ಎನ್ನುತ್ತ ಇಂದುಬಾಯಿ ತಾಟನ್ನು ಗುರುಬಾಯಿಯ ಮೂಗಿನ ಹತ್ತಿರ ಹಿಡಿಯುತ್ತಾರೆ. ಭರಿತ ಅದರಲ್ಲಿ ಇಲ್ಲವೇ ಇಲ್ಲ. ಬರೀ ಒಂದು ಸಜ್ಜೆ ರೋಡಗ, ಅದರ ಮೇಲೆ ಹಾಲು. “ನಿಮ್ಮತ್ತಿ ಕೋಳಿ ಕೂಗೂದ್ರಾಗ ಬಂದು ಬಾಗಲಾ ಬಡದ್ಲವ್ವ. ಉಳ್ಳಾಗಡ್ಡಿ ಹೆಚ್ಚೂಕಿಂತ ಮದಲ ನಾಯಿ ಪಾಲು ತಗೀರಿ, ಬಾಣಂತಿ ಅದಾಳ ಅಂತ ಬಡಗಿ ಕುಟ್ಟಿದ್ಲು. ಹಬ್ಬದ ದಿನಾ ಹೊಡಸ್ಕೊಳ್ಳೂದು ನಕೋ ಅಂತ ತಗದ ಬಿಟ್ಟೆ.”

ಗುರುಬಾಯಿ ರೋಡಗವನ್ನು ಮುರಿದು ಮೂಸಿ ನೋಡುತ್ತಾರೆ. ಮುಂದಿನ ತಾಟು, ಅದರ ಮುಂದಿನದು. ಸಜ್ಜೆಯ ವಾಸನೆ, ತುಪ್ಪದ ವಾಸನೆ. ಈರುಳ್ಳಿಯ ಸುಳಿವು ಒಂದರಲ್ಲೂ ಇಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಬಾಗಿಲಿಗೆ ಬಿಗಿದ ತಂತಿಯನ್ನು ತಾವೇ ಬಿಚ್ಚುತ್ತಾರೆ.

ಹಿಂದಿನಿಂದ ಹಣಮವ್ವ ಬಂದವರೇ ಹೊನ್ನಿಯ ಮುಂದೆ ಬಡಿಗೆ ಅಡ್ಡ ಹಿಡಿದು ಕೂರುತ್ತಾರೆ. ಎಲ್ಲರ ತಾಟಿನಿಂದಲೂ ಒಂದೊಂದು ಚೂರು ಮಾತ್ರ ಮುರಿದು ಹೊನ್ನಿಗೆ. “ಸಾಕು, ಸಾಕು. ಹಬ್ಬ ನಿಮಗ, ಅಜೀರ್ಣ ಅಕೀಗೆ ಆಗಬಾರದು. ಉಳದದ್ದ ಮನೀಗಿ ಒಯ್ರಿ.” ಹೊನ್ನಿ ಹಣಮವ್ವನ ಬೆರಳನ್ನೂ ನೆಕ್ಕುತ್ತಾಳೆ. ಹೆಣ್ಣುಮಕ್ಕಳು ಭಂಡಾರ ಎರಚುತ್ತಾರೆ. ಮರಿಗಳ ಬೆನ್ನೂ ಹಳದಿ, ಕುರಿಗಳ ಬೆನ್ನೂ ಹಳದಿ. ಬೀರಣ್ಣನ ಕೂಗು ಎಲ್ಲರಿಗಿಂತ ಜೋರು.

ಗುರುಬಾಯಿಗೆ ಈಗ ಒಂದೇ ಆಸೆ. ಮರಿಗಳು ಬೆಳೆದು ಬೇರೆ ಬೇರೆ ವಾಡಿಗಳಿಗೆ ಹೋಗುತ್ತವೆ. “ಕಂಬಳಿ ತುಂಡ ತರೋರಿಗಿ ಇನ್ನ ಮ್ಯಾಲ ಇದನ್ನೂ ಹೇಳತೀನ್ರಿ. ನಾಯಿ ಪಾಲು ಮದಲು, ಉಳ್ಳಾಗಡ್ಡಿ ಆಮ್ಯಾಲ. ಒಪ್ಪಿದವರಿಗಿ ಮರಿ.”

ಗುಂಪು ಚದುರುವ ಹೊತ್ತಿಗೆ ಇಂದುಬಾಯಿ ಕೆಣಕುತ್ತಾರೆ. “ಹಣಮವ್ವಾಯಿ, ಈ ಹೊಸಾ ಪದ್ಧತಿ ಮುಂದಿನ ವರ್ಷಾನೂ ಐತೇನ?”

“ಹೊಸಾದು ಯಾವುದ?” ಹಣಮವ್ವ ಬಡಿಗೆಯಿಂದ ನೆಲ ಕುಟ್ಟುತ್ತಾರೆ. “ಹಿರ್ಯಾರ ಕಾಲದಿಂದ ಹಿಂಗ ನಡಕೊಂಡ ಬಂದೈತಿ.”

ಗುರುಬಾಯಿ ಖಾಲಿ ಪರಾತವನ್ನು ತೊಳೆಯುತ್ತ ತಲೆ ತಗ್ಗಿಸಿ ನಗುತ್ತಾರೆ.

“ಮುಗೀತ್ರಿ. ನಮ್ಮತ್ತಿ ಅಂದಮ್ಯಾಗ ಅದು ಹಳೇ ಪದ್ಧತಿನ.”