ಲ್ಯಾಪ್‌ಟಾಪ್ ಸಮುದ್ರದಲ್ಲಿ ಸಿಕ್ಕ ಶವ

ಕಳೆದ ಜೂನ್ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ, ಹೊನ್ನಾವರ ಬಂದರಿನ ಹತ್ತಿರದ ಮನೆಯೊಂದರಲ್ಲಿ, ಗಣಪತಿ ತಾಂಡೇಲರು ಸಮುದ್ರದ ತಳದಲ್ಲಿದ್ದ ಶವವೊಂದನ್ನು ಮೇಲಕ್ಕೆ ತಂದರು.

ಸಮುದ್ರ ಲ್ಯಾಪ್‌ಟಾಪಿನ ಒಳಗಿತ್ತು. ಶವವನ್ನು ಬರೆದವಳು ಅವರ ಮಗಳು ವಿನುತಾ. ಮೇಲೆ ತಂದ ಶವವನ್ನು ಏನು ಮಾಡಬೇಕೆಂದು ಗೇಮಿಗೆ ಗೊತ್ತಿರಲಿಲ್ಲ.

ನಾನು ಪಕ್ಕದಲ್ಲೇ ಚಹಾ ಕುಡಿಯುತ್ತ ಕುಳಿತಿದ್ದೆ. ಹಾಗಾಗಿ ಇದನ್ನು ಕಣ್ಣಾರೆ ಕಂಡ ವರದಿ ಎಂದೇ ಓದಿಕೊಳ್ಳಿ.

ವಿನುತಾ ನನಗೆ ಚಿಕ್ಕಂದಿನಿಂದ ಗೊತ್ತು. ನಾನು ಪತ್ರಿಕೆಯ ಡೆಸ್ಕಿನಲ್ಲಿದ್ದಾಗ ಮಕ್ಕಳ ಪುಟಕ್ಕೆ ಚಿತ್ರ ಕಳಿಸುತ್ತಿದ್ದಳು. ಬೇರೆ ಮಕ್ಕಳು ತೆಂಗಿನ ಮರ, ಸೂರ್ಯ, ಗುಡಿಸಲು ಬರೆದರೆ ಇವಳು ಕಣ್ಣಿಲ್ಲದ ಮೀನು ಬರೆಯುತ್ತಿದ್ದಳು. (ಒಂದನ್ನು ಛಾಪಿಸಿದೆವು. ಪೋಷಕರೊಬ್ಬರು ಫೋನ್ ಮಾಡಿ, ಮಗು ರಾತ್ರಿ ಊಟ ಬಿಟ್ಟಿದೆ ಎಂದರು.) ಈಗ ಅದೇ ಮೀನುಗಳು ಅವಳ ಉದ್ಯೋಗ. ಕುಮಟಾದ ಬಸ್ ಸ್ಟ್ಯಾಂಡಿನ ಹತ್ತಿರ, ಔಷಧಿ ಅಂಗಡಿಯ ಮೇಲಿನ ಒಂದು ರೂಮಿನಲ್ಲಿ ಅವಳೂ ಪ್ರಕಾಶ ಎಂಬ ಹುಡುಗನೂ ಸೇರಿ ವಿಡಿಯೊ ಗೇಮ್ ಮಾಡುತ್ತಾರೆ. ಚಿತ್ರ ಇವಳದು, ಕಂಪ್ಯೂಟರ್ ಕೆಲಸ ಅವನದು.

ಗೇಮಿನ ಹೆಸರು ‘ತಳ’. ಒಬ್ಬ ಮುಳುಗುಗಾರ ದೋಣಿಯಿಂದ ಇಳಿದು ಸಮುದ್ರದ ಆಳಕ್ಕೆ ಹೋಗುತ್ತಾನೆ. ಎಲ್ಲವೂ ಕಪ್ಪು ಶಾಯಿಯಲ್ಲಿ ಕೈಯಿಂದ ಬರೆದದ್ದು. ಮಾತಿಲ್ಲ, ಅಕ್ಷರವಿಲ್ಲ, ಗುಂಡು ಹಾರಿಸುವುದಿಲ್ಲ. ಕಲ್ಲು ಸರಿಸಬೇಕು, ಹಗ್ಗ ಕಟ್ಟಿ ಎಳೆಯಬೇಕು, ದಾರಿ ಹುಡುಕಬೇಕು. ಕತ್ತಲಲ್ಲಿ ಏನೋ ಉಸಿರಾಡಿದ ಸದ್ದು ಕೇಳುತ್ತದೆ. ಹೆದರಿಕೆಯಾಗಬೇಕು ಎನ್ನುವುದು ಉದ್ದೇಶ.

ಬೆಂಗಳೂರಿನ ಕಂಪನಿಯೊಂದು ಹೊಸಬರ ಗೇಮುಗಳನ್ನು ಆರಿಸುತ್ತಿತ್ತು. ಜೂನ್ ಮುಗಿಯುವುದರೊಳಗೆ ಕಳಿಸಬೇಕು. ಆಯ್ಕೆಯಾದರೆ ಕುಮಟಾದ ರೂಮು ಉಳಿಯುತ್ತದೆ. ಆಗದಿದ್ದರೆ? ವಿನುತಾಳ ಸೋದರಮಾವ ಮೋಹನರದು ಭಟ್ಕಳದಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಅಲ್ಲಿ ಒಂದು ಕುರ್ಚಿ ಇವಳಿಗಾಗಿ ಕಾಯುತ್ತಿತ್ತು. ಕಣ್ಣಿಲ್ಲದ ಮೀನು ಬಿಟ್ಟು, ಹುಟ್ಟುಹಬ್ಬದ ನಾಯಕರ ಗಲ್ಲವನ್ನು ನುಣ್ಣಗೆ ಮಾಡುವ ಕೆಲಸ. ಯಾವುದು ಹೆಚ್ಚು ಭಯಾನಕ ಎಂಬುದರಲ್ಲಿ ವಿನುತಾಳಿಗೆ ಅನುಮಾನವಿರಲಿಲ್ಲ.

ಕಂಪನಿಯ ಒಂದು ಷರತ್ತು ಹೀಗಿತ್ತು: ಈವರೆಗೆ ಗೇಮನ್ನೇ ಆಡದ ಒಬ್ಬರು ಇದನ್ನು ಕೊನೆಯವರೆಗೆ ಆಡಿದ ವಿಡಿಯೊ ಕಳಿಸಬೇಕು. ಕುಮಟಾದ ಕಾಲೇಜು ಹುಡುಗರೆಲ್ಲ ಮೊಬೈಲಿನಲ್ಲಿ ಆಡಿಯೇ ದೊಡ್ಡವರಾದವರು. ನಾನು ರೂಮಿನಲ್ಲಿ ಆಗಲೇ ಆಡಿ ಮುಗಿಸಿದ್ದೆ. ಉಳಿದವರು ಯಾರು? ಮಳೆಗಾಲದ ಮೀನುಗಾರಿಕೆ ನಿಷೇಧ. ಬೋಟು ದಡದಲ್ಲಿ, ತಾಂಡೇಲರು (ಬೋಟು ನಡೆಸುವವರು) ಜಗುಲಿಯಲ್ಲಿ ಬಲೆ ಸರಿಮಾಡುತ್ತಾ. ಇದಕ್ಕಿಂತ ಪುರಸೊತ್ತಿನ, ಇದಕ್ಕಿಂತ ಹೊಸ ಆಟಗಾರ ಎಲ್ಲಿ ಸಿಗಬೇಕು?

ತಾಂಡೇಲರು ಬೇಗ ಕಲಿತರು. ಆದರೆ ಹೆದರಲಿಲ್ಲ.

“ಇದೆಂತ ಮೀನು? ಮೈಯೆಲ್ಲ ಮುಳ್ಳು. ಸಾರಿಗೂ ಆಗೂದಿಲ್ಲ, ಹುರಿಯೂಕೂ ಆಗೂದಿಲ್ಲ.”

“ಅಪ್ಪಾ, ಅದು ಹೆದರಿಸೂಕೆ ಇರೂ ಮೀನು.”

“ಹೆದರಿಕೆ ಹೌದು. ಮನೆಗೆ ತಕಂಡು ಬಂದ್ರೆ ನಿನ್ನ ಅಮ್ಮ ಒಳಗೆ ಸೇರಿಸೂದಿಲ್ಲ.”

ಒಳಗಿನಿಂದ ಲಕ್ಷ್ಮಕ್ಕ, ಅಂದರೆ ವಿನುತಾಳ ಅಮ್ಮ, ಕೇಳಿದರು: “ಬಂಗಡೆ ಇಲ್ವೇನೆ ನಿನ್ನ ಸಮುದ್ರದಲ್ಲಿ?”

ವಿನುತಾ ನನ್ನ ಮುಖ ನೋಡಿದಳು. ವಿಡಿಯೊ ರೆಕಾರ್ಡ್ ಆಗುತ್ತಿತ್ತು.

ಹೀಗೆ ಮಾತಾಡುತ್ತಲೇ ತಾಂಡೇಲರು ಕೊನೆಯ ಗವಿ ತಲುಪಿದರು. ಗೇಮಿನ ಹೆಮ್ಮೆಯ ಜಾಗ ಅದು. ಅಲ್ಲಿ ಮುಳುಗುಗಾರನ ದೀಪ ಆರಿಹೋಗುತ್ತದೆ. ಮೂಲೆಯಲ್ಲಿ, ಹರಿದ ಬಲೆಯಲ್ಲಿ ಸಿಕ್ಕಿಕೊಂಡ ಒಂದು ಶವ. ಅದಕ್ಕೆ ಮುಖವಿಲ್ಲ. ಅದರ ಕೈಯಲ್ಲಿ ಇನ್ನೂ ಉರಿಯುವ ಒಂದು ದೀಪ. ದೀಪ ತೆಗೆದುಕೊಂಡರೆ ಬಂಡೆಯ ಸಂದಿಯಲ್ಲಿ ದಾರಿ ಕಾಣುತ್ತದೆ. ಬೆಂಗಳೂರಿನ ಗೆಳೆಯರೆಲ್ಲ ಇದನ್ನು ಥಟ್ಟನೆ ಬಿಡಿಸಿದ್ದರು, ‘ಸ್ಪೂಕಿ’ ಎಂದು ಹೊಗಳಿದ್ದರು. ನಾನೂ ಹಾಗೇ ಮಾಡಿದ್ದೆ. ದೀಪ ಕಂಡಿತು, ತೆಗೆದುಕೊಂಡೆ, ಹೋದೆ.

ತಾಂಡೇಲರ ಬೆರಳು ನಿಂತಿತು.

“ಯಾರೇ ಇಂವ?”

“ಯಾರೂ ಅಲ್ಲ. ಪಜಲ್ ಅದು. ಅವನ ಕೈಲಿರೂ ದೀಪ ತಕಂಡು ಆ ಸಂದಿಯಲ್ಲಿ ಹೋಗ್ಬೇಕು.”

“ಇವನ್ನ?”

“ಬಿಟ್ಟು.”

“ಎಲ್ಲಿ ಬಿಟ್ಟು?”

“ಅಲ್ಲೇ ಬಿಟ್ಟು ಅಪ್ಪಾ.”

ತಾಂಡೇಲರು ಕಲ್ಲು ಎಳೆಯಲು ಕೊಟ್ಟಿದ್ದ ಹಗ್ಗವನ್ನು ಶವಕ್ಕೆ ಕಟ್ಟಿದರು. ಗೇಮಿನಲ್ಲಿ ಮುಳುಗುಗಾರ ಬಳಸುವುದು ಒಂದೇ ಕೈ. ಹಗ್ಗ ಹಿಡಿದರೆ ದೀಪ ಹಿಡಿಯುವಂತಿಲ್ಲ. ಹಾಗಾಗಿ ದೀಪವನ್ನು ಅಲ್ಲೇ ಬಿಟ್ಟು, ಬಂದ ದಾರಿಯಲ್ಲೇ ಕತ್ತಲಲ್ಲಿ ತಡಕಾಡುತ್ತ, ಶವವನ್ನು ಎಳೆದುಕೊಂಡು ವಾಪಸು ಹೊರಟರು. ಬಂಡೆಗೆ ಬಡಿದರು. ಮುಳ್ಳು ಮೀನಿನ ಬಾಯಿಗೆ ಸಿಕ್ಕರು. ಮತ್ತೆ ಶುರು ಮಾಡಿದರು. ನನ್ನ ಎರಡನೆಯ ಚಹಾವೂ ಮುಗಿಯಿತು. ಕೊನೆಗೂ ನೀರಿನ ಮೇಲೆ ಬಂದರು.

ಗೇಮ್ ಶುರುವಾದಾಗ ಇದ್ದ ಅದೇ ದೋಣಿ, ಪಕ್ಕದಲ್ಲಿ ತೇಲುವ ಶವ. ಅಷ್ಟೇ. ಏನೂ ಆಗಲಿಲ್ಲ. ತಾಂಡೇಲರು ಕಾದರು.

“ಈಗ ಯಾರು ಬತ್ರು?”

“ಯಾರೂ ಬರೂದಿಲ್ಲ.”

“ಪೊಲೀಸ್ರು?”

“ಇಲ್ಲ.”

“ಮನೆಯವ್ರು?”

“ಅವಂಗೆ ಮನೆಯವ್ರು ಇಲ್ಲ ಅಪ್ಪಾ. ನಾ ಬರೀಲಿಲ್ಲ.”

“ಹಂಗಾರೆ ಬರಿ,” ಎಂದರು ತಾಂಡೇಲರು. ಎದ್ದು ಬಲೆಯ ಕಡೆ ಹೋದರು.

ಇದು ಒಬ್ಬರ ಹಟ ಇರಬಹುದೆಂದು ನಾವು ಭಾವಿಸಿದೆವು. ಹಾಗಾಗಿ ಅಲ್ಲೇ ಬಲೆ ಸರಿಮಾಡುತ್ತಿದ್ದ ಪಕ್ಕದ ಮನೆಯ ಮಂಜುನಾಥನನ್ನು ಕರೆದು ಕೂರಿಸಿದೆವು. ಅವನು ತಾಂಡೇಲರ ಬೋಟಿನಲ್ಲೇ ದುಡಿಯುವವನು, ಬಾಯಿ ಜೋರು.

“ಗೇಮಲ್ಲಾದ್ರೆ ಎಲ್ರೂ ತಕಂಡು ಬತ್ರು. ಡೀಸೆಲ್ ಖರ್ಚಿಲ್ಲ, ಸ್ಟೇಷನ್ನಲ್ಲಿ ಇಡೀ ದಿನ ಕೂರೂದಿಲ್ಲ. ಸಮುದ್ರದಲ್ಲಿ ನೋಡ್ದೆ ಇದ್ದವ್ರಂಗೆ ಬೋಟು ತಿರುಗಿಸ್ಕಂಡು ಹೋದವ್ರು ನಂಗೆ ಗೊತ್ತು ನಾಯ್ಕ್ರೇ,” ಎಂದ ನನ್ನ ಕಡೆ ತಿರುಗಿ.

“ನೀನೂ ಇದ್ಯಾ ಆ ಬೋಟಲ್ಲಿ?” ತಾಂಡೇಲರು ತಲೆ ಎತ್ತದೆ ಕೇಳಿದರು.

“ನಾ ಅವತ್ತು ಮಲಗಿದ್ದೆ.”

ಹೀಗೆ ಹೇಳಿದ ಮಂಜುನಾಥ ಗವಿ ತಲುಪಿದ. ಶವ ನೋಡಿದ. ದೀಪ ನೋಡಿದ. “ಇದ್ರ ಮನೆ ಹಾಳಾಗ,” ಎಂದು ಗೊಣಗಿ ಹಗ್ಗ ಕಟ್ಟಿದ.

ಭಟ್ಕಳದ ಮೋಹನರಿಗೂ ಗೇಮ್ ಕಳಿಸಲಾಯಿತು. (ಸೋದರಸೊಸೆ ಸೋತರೆ ಅಂಗಡಿಗೆ ಲಾಭ ಇರುವ ಮನುಷ್ಯ. ನಿಷ್ಪಕ್ಷಪಾತಿ ಎನ್ನುವಂತಿಲ್ಲ.) ಎರಡು ಬ್ಯಾನರುಗಳ ನಡುವೆ ಆಡಿ ಫೋನ್ ಮಾಡಿದರು: “ಚಿತ್ರ ಚಂದ ಬಂದದೆ. ಆದ್ರೆ ಇವನ್ನ ಮೇಲೆ ತಕಂಡು ಬಂದ್ಮೇಲೆ ಗೇಮು ನಿಂತೇ ಹೋಯ್ತಲ್ಲೆ. ನನ್ನ ಕಂಪ್ಯೂಟರ್ ಹಾಳಾತಾ?”

ಕುಮಟಾದಲ್ಲಿ ಪ್ರಕಾಶ ಮಾತ್ರ ಶಾಂತವಾಗಿದ್ದ. ಅವನದು ಕೃಷಿಕರ ಮನೆ, ಸಮುದ್ರವನ್ನು ದಡದಿಂದ ಮಾತ್ರ ನೋಡಿದವನು. “ಇದು ಬಗ್. ಹೆಣ ಅಲ್ಲಾಡೂಕೆ ಬಿಟ್ಟದ್ದೇ ತಪ್ಪು. ನಾ ಸರಿ ಮಾಡ್ತೆ,” ಎಂದ. ಮಾಡಿದ. ಹೊಸ ಆವೃತ್ತಿಯಲ್ಲಿ ಶವ ಬಂಡೆಗೆ ಅಂಟಿಕೊಂಡಿತ್ತು. ಈಗ ದೀಪ ತೆಗೆದುಕೊಂಡು ಹೋಗದೆ ಬೇರೆ ದಾರಿಯೇ ಇಲ್ಲ. ಕಾಗದದ ಮೇಲೆ ಸಮಸ್ಯೆ ಬಗೆಹರಿದಿತ್ತು.

ತಾಂಡೇಲರು ಮತ್ತೆ ಕೂತರು. ಹಗ್ಗ ಕಟ್ಟಿದರು, ಎಳೆದರು. ಬೇರೆ ಬದಿಯಿಂದ ಎಳೆದರು. ಬಲೆಯನ್ನು ಬಿಡಿಸಲು ನೋಡಿದರು.

“ನಿನ್ನ ಪ್ರಕಾಶ ಇವಂಗೆ ಮೊಳೆ ಹೊಡೆದಿದ್ದ,” ಎಂದರು.

“ಗೇಮ್ ಮುಗೀಬೇಕಲ್ಲ ಅಪ್ಪಾ. ವಿಡಿಯೊ ಕಳಿಸೂಕೆ ದಿನ ಇಲ್ಲ. ದೀಪ ತಕಾ, ಹೋಗು. ಬರೀ ಚಿತ್ರ ಅದು.”

“ಅದು ಚಿತ್ರ ಹೇಳಿ ಗೊತ್ತದೆ ಮಾರಾಯ್ತಿ. ಬೇರೆ ಯಾರಿಗಾದ್ರೂ ಆಡೂಕೆ ಹೇಳು. ನಂಗೆ ಆಗೂದಿಲ್ಲ.”

ಅವರು ಸಿಟ್ಟಿನಿಂದ ಹೇಳಲಿಲ್ಲ. ಅದೇ ಕಷ್ಟ. ಸಿಟ್ಟಾಗಿದ್ದರೆ ಸಮಾಧಾನ ಮಾಡಬಹುದಿತ್ತು. ವಿನುತಾ ಲ್ಯಾಪ್‌ಟಾಪ್ ಮುಚ್ಚಿ, “ಆತು. ಭಟ್ಕಳಕ್ಕೆ ಹೋಗ್ತೆ, ಫ್ಲೆಕ್ಸ್ ಮಾಡ್ತೆ,” ಎಂದಳು.

ಆಗ ಲಕ್ಷ್ಮಕ್ಕ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಅಷ್ಟು ಹೊತ್ತು ಅವರು ಪರದೆಯನ್ನು ನೋಡಿಯೇ ಇರಲಿಲ್ಲ. “ಎಲ್ಲಿ, ತೋರ್ಸು,” ಎಂದರು. ವಿನುತಾ ಮತ್ತೆ ತೆರೆದಳು. ಲಕ್ಷ್ಮಕ್ಕ ಬಗ್ಗಿ ನೋಡಿದರು.

“ಮುಖ ಎಂತಕ್ಕೆ ಇಲ್ಲ?”

“ಹೆದರಿಕೆ ಆಗ್ಲಿ ಹೇಳಿ ಬರೀಲಿಲ್ಲ.”

“ಅಂಗಿ ಯಾವ ಬಣ್ಣ?”

“ಬಣ್ಣ ಇಲ್ಲಮ್ಮ. ಇದ್ರಲ್ಲಿ ಎಲ್ಲ ಕಪ್ಪು ಬಿಳಿ.”

“ಹಂಗಾರೆ ಮನೆಯವ್ರಿಗೆ ಗೊತ್ತಾಗೂದು ಹೆಂಗೆ?”

ಲಕ್ಷ್ಮಕ್ಕನಿಗೆ ಮೋಹನರಲ್ಲದೆ ಒಬ್ಬ ಅಣ್ಣನೂ ಇದ್ದರು. ವಿನುತಾ ಹುಟ್ಟುವ ಮೊದಲೇ ಸಮುದ್ರದಲ್ಲಿ ಹೋದರು. ಇಷ್ಟು ವಿನುತಾಳಿಗೂ ಗೊತ್ತಿತ್ತು. ಗೊತ್ತಿಲ್ಲದ ಭಾಗವನ್ನು ಲಕ್ಷ್ಮಕ್ಕ ಅವತ್ತು ಹೇಳಿದರು. ಅವರನ್ನು ತಂದದ್ದು ಭಟ್ಕಳದ ಒಂದು ಬೋಟು. ಬೋಟಿನವರು ಯಾರೋ, ಇವರು ಯಾರೋ. ಅವರ ಮನೆಮಾತು ಬೇರೆ, ಇವರಿಗೆ ಸರಿಯಾಗಿ ತಿಳಿಯುತ್ತಲೂ ಇರಲಿಲ್ಲ. ಬಲೆ ಬಿಡುವುದನ್ನು ಬಿಟ್ಟು ಬಂದಿದ್ದರು. ಮುಖ ನೋಡಿ ಗುರುತು ಹಿಡಿಯುವ ಹಾಗಿರಲಿಲ್ಲ. ನೀಲಿ ಚೌಕಳಿ ಅಂಗಿ ಇತ್ತು. ಹೊಲಿದ ಗುಂಡಿ ಇತ್ತು, ಬೇರೆ ಬಣ್ಣದ್ದು. ಗುಂಡಿ ಹೊಲಿದದ್ದು ಲಕ್ಷ್ಮಕ್ಕ.

ಇದನ್ನು ಅವರು ಅಡುಗೆಯ ವಿಷಯ ಹೇಳುವ ಹಾಗೆಯೇ ಹೇಳಿದರು. ನಂತರ ಅನ್ನ ನೋಡಲು ಒಳಗೆ ಹೋದರು.

ಪತ್ರಿಕೆಯ ಡೆಸ್ಕಿನಲ್ಲಿ ನಮಗೊಂದು ನಿಯಮವಿತ್ತು. ‘ಅಪರಿಚಿತ ಶವ ಪತ್ತೆ’ ಎಂಬ ಸುದ್ದಿಗೆ ಜಾಗ ಸಾಲದಿದ್ದರೆ ಏನನ್ನಾದರೂ ಕತ್ತರಿಸಬಹುದು. ಯಾರು ನೋಡಿದರು, ಎಷ್ಟು ಹೊತ್ತಿಗೆ ನೋಡಿದರು, ಎಲ್ಲವನ್ನೂ. ಅಂಗಿಯ ಬಣ್ಣದ ಸಾಲನ್ನು ಮಾತ್ರ ಕತ್ತರಿಸುವಂತಿಲ್ಲ. ಯಾಕೆಂದು ಹೊಸಬರು ಯಾರೂ ಕೇಳುತ್ತಿರಲಿಲ್ಲ, ಹಳಬರು ಹೇಳುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ವಿನುತಾ ಕುಮಟಾಕ್ಕೆ ಹೋದಳು. ಪ್ರಕಾಶನಿಗೂ ಅವಳಿಗೂ ದೊಡ್ಡ ಜಗಳವಾಯಿತು. (ಕೆಳಗಿನ ಔಷಧಿ ಅಂಗಡಿಯವರು ಮೇಲೆ ಬಂದು ವಿಚಾರಿಸಿದರಂತೆ.) ಹೆಣ ಮೇಲೆ ಬಂದರೆ ಮುಂದಿನ ದೃಶ್ಯ ಬೇಕು, ದೃಶ್ಯಕ್ಕೆ ಚಿತ್ರ ಬೇಕು, ಚಿತ್ರಕ್ಕೆ ಕೋಡ್ ಬೇಕು, ಕೋಡಿಗೆ ನಿದ್ದೆ ಬಿಡಬೇಕು. “ಹೊನ್ನಾವರದ ನಾಲ್ಕು ಮಂದಿಗೋಸ್ಕರ?” ಎಂದು ಪ್ರಕಾಶ ಕೇಳಿದ. “ನಾಲ್ಕಲ್ಲ, ಮೂರು. ಭಟ್ಕಳದ ಮಾವ ಒಬ್ಬ,” ಎಂದಳಂತೆ ವಿನುತಾ. ಪ್ರಕಾಶ ಬೈಯುತ್ತಲೇ ಮೊಳೆ ಕಿತ್ತ.

ತಿಂಗಳು ಮುಗಿಯುವ ಮೊದಲು ತಾಂಡೇಲರು ಮೂರನೆಯ ಸಲ ಆಡಿದರು. ಶವವನ್ನು ಕತ್ತಲಲ್ಲಿ ಎಳೆದು ತಂದರು. ದೋಣಿಯ ಪಕ್ಕ ಬರುತ್ತಲೇ ಚಿತ್ರ ಬದಲಾಯಿತು. ಮರಳು. ಮುಳುಗುಗಾರ ಶವವನ್ನು ಮಲಗಿಸಿ ತನ್ನ ಪಂಚೆ ಹೊದಿಸುತ್ತಾನೆ. ದೂರದಿಂದ ಒಬ್ಬ ಹೆಂಗಸು ಬರುತ್ತಾಳೆ. ಪಂಚೆಯ ಅಂಚು ಎತ್ತಿ ನೋಡುತ್ತಾಳೆ. ಇಡೀ ಗೇಮಿನಲ್ಲಿ ಬಣ್ಣ ಇರುವುದು ಅಲ್ಲಿ ಮಾತ್ರ: ನೀಲಿ ಚೌಕಳಿ ಅಂಗಿ. ಹೆಂಗಸು ತನ್ನ ಕೈಯ ದೀಪವನ್ನು ಮುಳುಗುಗಾರನಿಗೆ ಕೊಟ್ಟು, ಶವದ ಪಕ್ಕ ಕೂರುತ್ತಾಳೆ. ಅವನು ಆ ದೀಪ ಹಿಡಿದು ಮತ್ತೆ ಇಳಿದು ಸಂದಿಯ ದಾರಿಯಲ್ಲಿ ಹೋಗುತ್ತಾನೆ.

ಆ ಹೆಂಗಸು ಸೆರಗು ಎಳೆದುಕೊಳ್ಳುವ ರೀತಿ ನನಗೆ ಪರಿಚಿತ. ಹಿಂದೆ ನಿಂತಿದ್ದ ಲಕ್ಷ್ಮಕ್ಕ ಸೆರಗು ಎಳೆದುಕೊಂಡರು.

“ಆತು,” ಎಂದರು ತಾಂಡೇಲರು. ಗೇಮ್ ಮುಗಿಸಿದರು. ವಿಡಿಯೊ ಹೋಯಿತು.

ಆಗಸ್ಟಿನಲ್ಲಿ ನಿಷೇಧ ಮುಗಿದು ಬೋಟುಗಳು ಇಳಿದವು. ತಾಂಡೇಲರೂ ಮಂಜುನಾಥನೂ ಸಮುದ್ರದಲ್ಲಿದ್ದಾಗ ಕಂಪನಿಯ ಮೇಲ್ ಬಂತು. ‘ತಳ’ ಮೊದಲ ಸುತ್ತಿನಲ್ಲಿ ಆಯ್ಕೆಯಾಗಿದೆ. ಭಟ್ಕಳದ ಕುರ್ಚಿ ಸದ್ಯಕ್ಕೆ ಖಾಲಿ ಇದೆ. ಮೇಲ್‌ನಲ್ಲಿ ಮೆಚ್ಚುಗೆಯ ಜೊತೆ ಎರಡು ಟಿಪ್ಪಣಿಗಳಿದ್ದವು. ಒಂದು, ವಿಡಿಯೊದಲ್ಲಿರುವ ಹಿರಿಯರು ಪಜಲ್ ಅರ್ಥವಾಗದೆ ದಾರಿ ತಪ್ಪಿದ್ದಾರೆ, ಆದರೂ ಅವರ ತಾಳ್ಮೆ ಮೆಚ್ಚುವಂಥದ್ದು. ಎರಡು, ಫೈಲ್ ತುಂಬ ದೊಡ್ಡದಿದೆ. ನಮ್ಮಲ್ಲಿ ಆಡಿದವರೆಲ್ಲ ಗವಿಯಿಂದ ನೇರವಾಗಿ ಮುಂದೆ ಹೋಗಿದ್ದಾರೆ, ಮರಳಿನ ದೃಶ್ಯ ಯಾರಿಗೂ ಸಿಗಲಿಲ್ಲ, ಅದನ್ನು ತೆಗೆದರೆ ಫೈಲ್ ಹಗುರಾಗುತ್ತದೆ.

ಕಳೆದ ಶುಕ್ರವಾರ ವಿನುತಾ ಫೈಲನ್ನು ಹಗುರ ಮಾಡಿ ಕಳಿಸಿದ್ದಾಳೆ. ಮುಳ್ಳು ಮೀನನ್ನು ತೆಗೆದಿದ್ದಾಳೆ. ಅಂಗಿ ಇದೆ.