ಚಾಮುಂಡಿ ಬೆಟ್ಟದಿಂದ ಕಂಡ ಮಂಡಾಲೆ

ನಂಬಿ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಬೇರೆ ಯಾರಾದರೂ ಬಂದು ಇದನ್ನು ನನಗೆ ಹೇಳಿದ್ದರೆ, "ಯಾಕ್ರೀ, ರಾತ್ರಿ ನಿದ್ದೆ ಸರಿಯಾಗಿ ಆಗಲಿಲ್ವೇ?" ಎಂದು ಕೇಳಿ ಕಾಫಿ ಕೊಟ್ಟು ಕಳಿಸುತ್ತಿದ್ದೆ. ದೆವ್ವ, ಭೂತ, ಮೈಮೇಲೆ ಬರುವುದು, ಕನಸಿನಲ್ಲಿ ಬಂದು ಹೇಳಿದರು ಅನ್ನುವುದು, ಇದ್ಯಾವುದಕ್ಕೂ ನಾನು ಬಗ್ಗಿದವಳಲ್ಲ. ಕಾಲೇಜಿನಲ್ಲಿ ಫಿಸಿಕ್ಸ್ ಓದಿದೆ, ಆಮೇಲೆ ಹೈಸ್ಕೂಲಿನಲ್ಲಿ ಅದನ್ನೇ ಹೇಳಿಕೊಟ್ಟೆ. ಬೆಳಕು ನೇರವಾಗಿ ಚಲಿಸುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಹಾಗೆ ಬರೆಯುವಾಗ ಒಂದು ಸಂಜೆ ನೆನಪಾಗಿ ಸೀಮೆಸುಣ್ಣ ಒಂದು ಗಳಿಗೆ ನಿಲ್ಲುತ್ತಿತ್ತು. ಆ ಸಂಜೆಯದನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ.

ಐವತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಲಕ್ಷ್ಮೀಪುರಂನಲ್ಲಿತ್ತು. ಮನೆಯಲ್ಲಿ ಅಪ್ಪ, ಅಮ್ಮ, ಆಗಿನ್ನೂ ಕಾಲೇಜು ಓದುತ್ತಿದ್ದ ನಾನು, ಮತ್ತೆ ಅಪ್ಪನ ತಂಗಿ ರತ್ನತ್ತೆ. ಅತ್ತೆಯ ಗಂಡ ಬರ್ಮಾದ ಮಂಡಾಲೆಯಲ್ಲಿ ರೈಲ್ವೆ ಗುಮಾಸ್ತರಾಗಿದ್ದರು. ಮದುವೆಯಾದ ಹೊಸದರಲ್ಲೇ ಅತ್ತೆ ಹಡಗು ಹತ್ತಿ ಅಲ್ಲಿಗೆ ಹೋದವಳು. ಯುದ್ಧ ಬಂದು ಜಪಾನಿನವರು ಬರ್ಮಾಕ್ಕೆ ನುಗ್ಗಿದಾಗ ಮಾವ ಅವಳನ್ನು ಗುರುತಿನ ತಮಿಳು ಕುಟುಂಬವೊಂದರ ಜೊತೆ ಮುಂದೆ ಕಳಿಸಿದರು. "ನೀನು ನಡೀತಿರು, ನಾನು ಚಾರ್ಜು ವಹಿಸಿಕೊಟ್ಟು ಹಿಂದೇನೇ ಬಂದ್ಬುಡ್ತೀನಿ" ಅಂದರಂತೆ. ಮೈಸೂರಿನವರ ಬುದ್ಧಿ ನೋಡಿ! ಊರಿಗೆ ಊರೇ ಎದ್ದು ಓಡುತ್ತಿರುವಾಗ ಇವರಿಗೆ ಚಾರ್ಜಿನ ಚಿಂತೆ. ಅತ್ತೆ ಕಾಡು ಗುಡ್ಡ ನಡೆದು, ದಾರಿಯಲ್ಲಿ ಜ್ವರ ಬಂದು, ಕಡ್ಡಿಯಾಗಿ ಮೈಸೂರು ಸೇರಿದಳು. ಮಾವ ಬರಲಿಲ್ಲ. ಸತ್ತರೆಂದು ಯಾರೂ ಹೇಳಲಿಲ್ಲ, ಇದ್ದಾರೆಂದೂ ಯಾರೂ ಹೇಳಲಿಲ್ಲ.

ಅತ್ತೆ ಬಾಯಿ ತೆರೆದರೆ ಮಂಡಾಲೆ. "ಥೇಟ್ ನಮ್ಮ ಮೈಸೂರೇ ಕಣೇ. ಅದೂ ರಾಜರ ಊರು. ನಡುವೆ ಅರಮನೆ, ಸುತ್ತ ಕೋಟೆ, ಪಕ್ಕದಲ್ಲೊಂದು ಬೆಟ್ಟ, ಬೆಟ್ಟಕ್ಕೆ ಮೆಟ್ಟಿಲು" ಎಂದು ಶುರು ಮಾಡುತ್ತಿದ್ದಳು. ಅವಳು ಅಲ್ಲಿಗೆ ಹೋಗಿಳಿದ ವಾರವೇ ಮಾವ ಒಂದು ದಿನ ರಜೆ ಹಾಕಿ ಅವಳಿಗೆ ಊರು ತೋರಿಸಿದ್ದರು. ಕುದುರೆಗಾಡಿಯಲ್ಲಿ ಕೋಟೆ ಸುತ್ತು ಹಾಕಿದ್ದು, ಕಂದಕದ ನೀರಿನಲ್ಲಿ ತಾವರೆ ನೋಡಿದ್ದು, ಗಡಿಯಾರದ ಗೋಪುರವಿದ್ದ ಮಾರುಕಟ್ಟೆಯಲ್ಲಿ ಬಳೆ ಕೊಂಡದ್ದು, ಸಂಜೆ ಬೆಟ್ಟ ಹತ್ತಿ ಕಡಲೆಕಾಯಿ ಬಿಡಿಸುತ್ತಾ ಕೂತದ್ದು. ಗಂಡನ ಜೊತೆ ಅವಳು ಊರು ನೋಡಲು ಹೋದದ್ದು ಅದೊಂದೇ ಸಲ. ನಾನು "ಶುರುವಾಯ್ತಪ್ಪ ಬರ್ಮಾ ಪುರಾಣ" ಎಂದು ಛೇಡಿಸುತ್ತಿದ್ದೆ. ಅವಳಿಗೆ ಸ್ವಲ್ಪವೂ ಬೇಜಾರಿಲ್ಲ. ಮತ್ತೆ ಮೊದಲಿಂದ ಹೇಳುವಳು.

ನಮ್ಮಲ್ಲಿ ಒಂದು ಶಾಸ್ತ್ರವಿದೆ. ಊರು ಬಿಟ್ಟವನ ಸುದ್ದಿ ಹನ್ನೆರಡು ವರ್ಷ ಬರದಿದ್ದರೆ ತೀರಿಕೊಂಡನೆಂದೇ ತಿಳಿಯಬೇಕು. ದರ್ಭೆಯಲ್ಲಿ ಅವನ ಪ್ರತಿಕೃತಿ ಮಾಡಿ, ಸುಟ್ಟು, ಕರ್ಮ ಮಾಡಿ ಮುಗಿಸಬೇಕು. ಆಮೇಲೆ ಹೆಂಡತಿಯಾದವಳು ಕುಂಕುಮ ಇಡುವ ಹಾಗಿಲ್ಲ. ಆ ವರ್ಷಕ್ಕೆ ಹನ್ನೆರಡು ತುಂಬಿತ್ತು. ಪುರೋಹಿತರು ದಸರಾ ಕಳೆದ ಮೇಲೆ ಒಂದು ದಿನ ನೋಡಿ ಹೇಳಿದ್ದರು. ಅಪ್ಪನನ್ನು ಕಟುಕ ಅಂದುಕೊಳ್ಳಬೇಡಿ. ತಂಗಿಯೆಂದರೆ ಅವರಿಗೆ ಪ್ರಾಣ. ಆದರೆ ಭಾವಮೈದುನ ಎಲ್ಲೋ ಕಾಡಿನಲ್ಲಿ ಸತ್ತು ಪಿಂಡವಿಲ್ಲದೆ ಅಲೆಯುತ್ತಿದ್ದರೆ ಅದು ತನಗೆ ಅಂಟುವ ಪಾಪವೆಂದು ಅವರು ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. "ಅವನಿಗೊಂದು ಗತಿ ಕಾಣಿಸೋದು ಬೇಡವೇನಮ್ಮ?" ಎಂದು ಕೇಳಿದರು. "ಬದುಕಿರೋರಿಗೆ ಎಳ್ಳುನೀರು ಬಿಟ್ಟುಬಿಟ್ಟರೆ, ಅಣ್ಣಯ್ಯ?" ಎಂದಳು ಅತ್ತೆ.

ನವರಾತ್ರಿ ಬಂತು. ಬೊಂಬೆ ನೋಡಲು ಬರುವ ಹೆಂಗಸರಿಗೆ ಅರಿಶಿನ ಕುಂಕುಮ ಕೊಡುವ ಕಾಲ. ಸುದ್ದಿ ಬೀದಿಗೆಲ್ಲ ಗೊತ್ತಾಗಿತ್ತು. ಪಕ್ಕದ ಮನೆಗೆ ಹೋದಾಗ ಆ ಮನೆಯಾಕೆ ಕುಂಕುಮದ ಬಟ್ಟಲು ಹಿಡಿದು ಎಲ್ಲರ ಮುಂದೆಯೂ ಬಂದರು. ಅತ್ತೆಯ ಮುಂದೆ ಬಂದು ನಿಂತು, ಕೊಡಬೇಕೋ ಬೇಡವೋ ತಿಳಿಯದೆ, ಕೊನೆಗೆ ಕೈಗೆ ಒಂದು ಬಾಳೆಹಣ್ಣು ಕೊಟ್ಟು ಮುಂದೆ ಸರಿದರು. ಅವರೇನು ಕೆಟ್ಟವರಲ್ಲ, ಪಾಪ, ಗಾಬರಿಯಾದರು ಅಷ್ಟೆ. ಅತ್ತೆ ಹಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದಳು.

ಮಾರನೆಯ ದಿನ ಅವಳು ಅಪ್ಪನಿಗೆ, "ಕರ್ಮಕ್ಕೆ ಮುಂಚೆ ಒಂದು ಸಲ ಬೆಟ್ಟ ಹತ್ತಿ ಬರ್ತೀನಿ. ಅರಮನೆ ದೀಪ ಹಾಕೋದನ್ನ ಮೇಲಿಂದ ನೋಡಬೇಕು" ಅಂದಳು. ಅಪ್ಪ ಬೇಡವೆನ್ನಲಿಲ್ಲ. ನನ್ನನ್ನು ಜೊತೆಗೆ ಕಳಿಸಿದರು.

ಜಟಕಾ ಮಾಡಿಕೊಂಡು ಮಧ್ಯಾಹ್ನವೇ ಬೆಟ್ಟದ ಬುಡಕ್ಕೆ ಹೋದೆವು. ಹರಕೆ ಹೊತ್ತ ಹೆಂಗಸರು ಚಾಮುಂಡಿ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವುದನ್ನು ನೀವು ನೋಡಿರುತ್ತೀರಿ. ಅತ್ತೆ ಮನೆಯಲ್ಲಿದ್ದ ಕುಂಕುಮವನ್ನೆಲ್ಲ ತಂದಿದ್ದಳು. ಬಗ್ಗುವುದು, ಹಚ್ಚುವುದು, ಏಳುವುದು. ನಾನು "ಅತ್ತೆ, ಹೀಗೆ ಹತ್ತಿದರೆ ಮುಂದಿನ ದಸರಾಕ್ಕೆ ಮೇಲೆ ಸೇರ್ತೀವಿ" ಎಂದೆ. "ಮುಂದಿನ ದಸರಾಕ್ಕೆ ನನ್ನ ಕೈಯಲ್ಲಿ ಇದು ಇರಲ್ವಲ್ಲೇ" ಎಂದಳು, ನಗುತ್ತಲೇ. ನಾನು ಅರಿಶಿನದ ಬಟ್ಟಲು ಹಿಡಿದೆ.

ನಂದಿಯನ್ನು ದಾಟಿ ಮೇಲಿನ ಮೆಟ್ಟಿಲುಗಳಿಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತು. ಊರು ಕಾಣುವ ಒಂದು ಬಂಡೆಯ ಮೇಲೆ ಕೂತೆವು. ಪಕ್ಕದಲ್ಲಿ ಒಬ್ಬ ಯಜಮಾನರು ಹೆಂಡತಿ ಮಕ್ಕಳ ಜೊತೆ ದೀಪಕ್ಕಾಗಿ ಕಾಯುತ್ತಿದ್ದರು. ಕೆಳಗೆ ಮೈಸೂರು ಮಬ್ಬಾಗಿತ್ತು.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ನೀರು. ಅರಮನೆ ಇರಬೇಕಾದ ಕಡೆ ಉದ್ದಕ್ಕೆ ಹೊಳೆಯುವ ಒಂದು ಪಟ್ಟಿ. ಕೆರೆ ಇರಬೇಕು ಅಂದುಕೊಂಡೆ. ಆದರೆ ಯಾವ ಕೆರೆ ಹಾಗೆ ನೇರವಾಗಿ ಹೋಗಿ, ಮೂಲೆಯಲ್ಲಿ ತಿರುಗಿ, ಮತ್ತೆ ನೇರವಾಗಿ ಹೋಗುತ್ತದೆ? ಚೌಕವಾದ ನೀರು. ನೀರಿನ ಒಳಬದಿಗೆ ಕೆಂಪು ಗೋಡೆ. ಗೋಡೆಯ ಮೇಲೆ ಅಲ್ಲಲ್ಲಿ ಒಂದರ ಮೇಲೊಂದು ಚಾವಣಿ ಪೇರಿಸಿದ ಮರದ ಗೋಪುರಗಳು, ನಟ್ಟನಡುವೆ ಅರಮನೆಯ ಚೂಪು ಶಿಖರ. ನೀರಿಗೆ ಅಡ್ಡಲಾಗಿ ಬಿಳಿಯ ಸೇತುವೆ. ನಮ್ಮ ಬೆಟ್ಟಕ್ಕೆ ಕತ್ತಲಾಗಿದ್ದರೂ ಅಲ್ಲಿ ಮಾತ್ರ ಸಂಜೆಬೆಳಕು ಇನ್ನೂ ಉಳಿದಿತ್ತು. ಕಣ್ಣುಜ್ಜಿಕೊಂಡೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡೆ. ಹಾಗೇ ಇತ್ತು.

ನನಗೆ ಹೆದರಿಕೆಯಾಗಲಿಲ್ಲ. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಪರದೆ ಸರಿದಾಗ ಎದೆ ತುಂಬಿ ಬರುತ್ತದಲ್ಲ, ಹಾಗಾಯಿತು. ದೇವರನ್ನೇ ನಂಬದ ನನ್ನ ಕೈ ತಾನಾಗಿ ಮುಗಿಯಿತು. ಅತ್ತೆಯ ಕಡೆ ತಿರುಗಿದೆ. ಅವಳು ಆಶ್ಚರ್ಯಪಟ್ಟ ಹಾಗೇ ಇರಲಿಲ್ಲ. ಊರಿಗೆ ಬಂದ ನೆಂಟರಿಗೆ ತೋರಿಸುವ ಹಾಗೆ ಬೆರಳು ಚಾಚಿ, "ಅದೋ, ಅಲ್ಲಿ ಗಡಿಯಾರದ ಗೋಪುರ. ಬಳೆ ಕೊಂಡಿದ್ದು ಅಲ್ಲೇ. ಅದೋ, ಆ ಕಡೆ ರೈಲ್ವೆ ಸ್ಟೇಷನ್ನು" ಎಂದಳು. ಅವಳ ಬೆರಳು ಹೋದ ಕಡೆ ನನ್ನ ಕಣ್ಣು ಹೋಯಿತು, ಅವಳು ಹೇಳಿದ್ದು ಅಲ್ಲಿತ್ತು.

ಬೆಟ್ಟದ ಬುಡದಲ್ಲಿ ಒಂದು ಕಡೆ ಪುಟ್ಟ ಪುಟ್ಟ ಬಿಳಿ ಗುಡಿಗಳು ಸಾಲು ಸಾಲಾಗಿ, ಗದ್ದೆಯಲ್ಲಿ ಪೈರು ನಾಟಿದ ಹಾಗೆ ಒತ್ತೊತ್ತಾಗಿ ನಿಂತಿದ್ದವು. "ಅದೇನತ್ತೆ, ಆ ಬಿಳೀದು, ಅಷ್ಟೊಂದು?" ಎಂದು ಕೇಳಿದೆ. ಅತ್ತೆ ತಟ್ಟನೆ ನನ್ನ ಕೈ ಹಿಡಿದಳು. "ನಿನಗೂ ಕಾಣ್ತಾ ಇದೆಯೇನೇ?" ಎಂದಳು. "ಅಯ್ಯೋ, ಅದರ ವಿಷಯ ನಾನು ನಿನಗೆ ಹೇಳೇ ಇಲ್ಲವಲ್ಲೇ!"

ಆಮೇಲೆ ಅವಳು ಒಂದೇ ಕಡೆ ನೋಡತೊಡಗಿದಳು. "ನಮ್ಮ ಬೀದಿ. ಮನೇಲಿ ದೀಪ ಹಚ್ಚಿದೆ. ಜಗಲಿ ಮೇಲೆ ಕೂತಿದಾರೆ ಕಣೇ, ಅವರೇ" ಎಂದಳು. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಬೀದಿ ಕಂಡಿತು, ದೀಪಗಳು ಕಂಡವು. ಅಷ್ಟು ದೂರದಿಂದ ಮನುಷ್ಯರು ನನಗೆ ಕಾಣಲಿಲ್ಲ. "ತಲೆ ಎತ್ತಿ ನೋಡಿದರು" ಎಂದು ಅತ್ತೆ ಅಳತೊಡಗಿದಳು. ಅಷ್ಟರಲ್ಲಿ ಪಕ್ಕದ ಯಜಮಾನರು, "ಏನಪ್ಪಾ, ಕತ್ತಲೋ ಕತ್ತಲು! ಇನ್ನೂ ಹಾಕ್ಲಿಲ್ವಲ್ಲ ದೀಪಾನ" ಎಂದು ಗೊಣಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅವರು ನೋಡುತ್ತಿದ್ದದ್ದೂ ಅದೇ ಕಡೆಗೆ. ಅವರು ಹಾಗೆಂದ ಮೇಲೆ ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಳೆದಿರಬಹುದು. ಝಗ್ ಎಂದು ಅರಮನೆಯ ದೀಪ ಹತ್ತಿಕೊಂಡಿತು. ಮಕ್ಕಳು ಹೋ ಎಂದು ಕೂಗಿದವು. ಕೆಳಗಿದ್ದದ್ದು ನಮ್ಮ ಮೈಸೂರು. ಚೌಕದ ನೀರೂ ಇಲ್ಲ, ಕೆಂಪು ಗೋಡೆಯೂ ಇಲ್ಲ.

ಬಸ್ಸಿನಲ್ಲಿ ಇಳಿದು ಬಂದೆವು. ಮನೆಗೆ ಬಂದವಳೇ ಅತ್ತೆ, "ಅಣ್ಣಯ್ಯ, ಅವರಿದ್ದಾರೆ. ಕರ್ಮ ಬೇಡ" ಎಂದು ನಡೆದದ್ದನ್ನೆಲ್ಲ ಹೇಳಿದಳು. ಅಪ್ಪ ನನ್ನನ್ನು ಹತ್ತಿರ ಕರೆದರು. "ನೀನು ಸೈನ್ಸು ಓದೋಳು. ಅವಳ ಮುಖ ನೋಡಬೇಡ, ನನ್ನ ಮುಖ ನೋಡಬೇಡ. ನೀನು ಏನು ನೋಡ್ದೆ ಹೇಳು" ಎಂದರು. ನನ್ನ ಒಂದು ಮಾತಿನ ಮೇಲೆ ಅತ್ತೆಯ ಹಣೆಯ ಕುಂಕುಮ ನಿಂತಿದೆ ಎಂದು ನನಗೆ ಗೊತ್ತಿತ್ತು. "ಊರು ನೋಡಿದೆ ಅಪ್ಪ, ನಮ್ಮ ಊರಲ್ಲ. ಮಾವನ್ನ ನೋಡಲಿಲ್ಲ" ಎಂದೆ.

ಅಪ್ಪ, "ಸುಳ್ಳು ಹೇಳೋ ಹಾಗಿದ್ದರೆ ಮಾವನ್ನೂ ನೋಡ್ದೆ ಅಂತಿದ್ದಳು" ಎಂದು ಅಮ್ಮನಿಗೆ ಹೇಳಿದರು. ಬೆಳಗ್ಗೆ ಎದ್ದು ತಾವೇ ಹೋಗಿ ಪುರೋಹಿತರಿಗೆ ಬೇಡವೆಂದು ಹೇಳಿ ಬಂದರು. ಅತ್ತೆ ಆ ದಿನ ಹಣೆಗೆ ಕಾಸಗಲ ಕುಂಕುಮ ಇಟ್ಟುಕೊಂಡು ಪಕ್ಕದ ಮನೆಗೆ ಬೊಂಬೆ ನೋಡಲು ಹೋದಳು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾನು ನೋಡದೆ ಬಿಡಲಿಲ್ಲ. ಚಿಕ್ಕಂದಿನಿಂದ ಕೇಳಿದ ಕಥೆ ಕಣ್ಣಿಗೆ ಕಟ್ಟಿರಬಹುದು, ಸರಿ. ಆ ಬಿಳಿ ಗುಡಿಗಳು? ಅತ್ತೆ ಯಾವಾಗಲೋ ಹೇಳಿ ಇಬ್ಬರೂ ಮರೆತಿರಬಹುದು, ಅದೂ ಸರಿ. ಕೆಲವು ವರ್ಷಗಳಾದ ಮೇಲೆ, ನಾನು ಮೇಡಂ ಆಗಿದ್ದ ಕಾಲದಲ್ಲಿ, ಒಂದು ಪತ್ರಿಕೆಯಲ್ಲಿ ಮಂಡಾಲೆಯ ಚಿತ್ರಗಳು ಬಂದವು. ಬೆಟ್ಟದ ಬುಡದಲ್ಲಿ ಬಿಳಿ ಗುಡಿಗಳ ಸಾಲು ಇತ್ತು, ನಾನು ಕಂಡ ಹಾಗೆಯೇ. ಅದರ ಕೆಳಗೇ ಇನ್ನೊಂದು ಮಾತು ಬರೆದಿತ್ತು. ಕೋಟೆಯೊಳಗಿನ ಅರಮನೆ ಯುದ್ಧದಲ್ಲಿ ಸುಟ್ಟುಹೋಯಿತು, ಊರಿನ ಬೀದಿಬೀದಿಗಳೇ ಬೂದಿಯಾದವು ಎಂದು. ಹಾಗಾದರೆ ನಾವು ಕಂಡದ್ದು ಆ ಹೊತ್ತಿಗೆ ಭೂಮಿಯ ಮೇಲೆ ಇಲ್ಲದ ಊರು. ಇಲ್ಲದ ಊರಿನ ಜಗಲಿಯಲ್ಲಿ ಕೂತವರು ಇದ್ದಾರೆಯೇ, ಇಲ್ಲವೇ? ಆ ಪತ್ರಿಕೆಯನ್ನು ಅಪ್ಪನಿಗೆ ತೋರಿಸಿದೆ. ಅವರು ಓದಿ, ಮಡಿಸಿ, ಹಿಂದಕ್ಕೆ ಕೊಟ್ಟರು. ಅತ್ತೆಗೆ ಇಬ್ಬರೂ ಹೇಳಲಿಲ್ಲ.

ಅತ್ತೆ ಅರವತ್ತರ ದಶಕದಲ್ಲಿ ಒಂದು ಮುಂಜಾನೆ ನಿದ್ದೆಯಲ್ಲೇ ಹೋದಳು. ಮಾವನ ಸುದ್ದಿ ಕೊನೆಗೂ ಬರಲಿಲ್ಲ. ಆಗ ಬಂದ ಪುರೋಹಿತರು ಹೊಸಬರು, ನಮ್ಮ ಮನೆಯ ಕಥೆ ತಿಳಿಯದವರು. ಮುತ್ತೈದೆಯ ಹಾಗೆ ಕಳಿಸಬೇಕೋ ಬೇಡವೋ ತಿಳಿಯಬೇಕಲ್ಲ, "ಯಜಮಾನರು ಇದ್ದಾರೆಯೇ?" ಎಂದು ಕೇಳಿದರು. ಮನೆ ತುಂಬ ಜನ. ಮುದುಕರಾಗಿದ್ದ ಅಪ್ಪ ಕಂಬ ಹಿಡಿದುಕೊಂಡು ಎದ್ದು ನಿಂತರು.

"ಇದ್ದಾರೆ. ಮಂಡಾಲೆಯಲ್ಲಿದ್ದಾರೆ" ಎಂದರು.

ನಾನು ಒಳಗೆ ಹೋಗಿ ಕುಂಕುಮದ ಭರಣಿ ತಂದು ಅತ್ತೆಯ ಹಣೆಗೆ ಬೊಟ್ಟು ಇಟ್ಟೆ. ಅಪ್ಪ ಆಡಿದ್ದು ಸುಳ್ಳು ಎಂದು ಇವತ್ತಿಗೂ ನಾನು ಹೇಳಲಾರೆ.